ಅಳಿಯ ತಂದ ಅಂಚೆಚೀಟಿಗಳು

ಮೊದಲ ಪುಟ, ಮೇ 26ರಂದು ತುಂಬಿಸಿದ್ದು

ಜರಿ ಅಂಗಡಿಯವರು ವರ್ಷಕ್ಕೊಂದು ಕೊಡುವ ಡೈರಿ. ಮೊದಲ ಪುಟದಲ್ಲಿ ಹೆಸರು, ವಿಳಾಸ, ರಕ್ತದ ಗುಂಪು ಬರೆಯಲು ಗೆರೆ ಎಳೆದಿದ್ದಾರೆ. ಯಾರ ರಕ್ತ ಎಂದು ಮಾತ್ರ ಕೇಳಿಲ್ಲ. ಜನವರಿಯಲ್ಲಿ ಖಾಲಿ ಬಿಟ್ಟಿದ್ದ ಈ ಜಾಗದಲ್ಲಿ, ಅಂಚೆಚೀಟಿಯ ವ್ಯವಹಾರಕ್ಕೆ ತಗುಲಿದ್ದನ್ನೆಲ್ಲ ಒಟ್ಟು ಹಾಕಿ ಬರೆದಿಡುತ್ತೇನೆ.

ಮುರಿದ ಮೂಳೆ ಮೂರು. ಒಂದು ನನ್ನ ಮಗಳು ಸಿಂಧುವಿನ ಎಡ ಮುಂಗೈಯದು, ಎರಡು ಅಳಿಯ ನವೀನ್‌ಕುಮಾರನವು. ಹಲ್ಲು ಒಂದು. ಅದೂ ಅಳಿಯನದೇ, ಆದರೆ ಉದುರಿಸಿದವರು ಬೆಂಗಳೂರಿನವರು, ನನ್ನ ಲೆಕ್ಕಕ್ಕೆ ಸೇರಿಸುವುದು ನ್ಯಾಯವಲ್ಲ. ಹೊಲಿಗೆ ಹದಿನಾಲ್ಕು. ಪೆರಾಕ್ಸೈಡು ಹನ್ನೊಂದು ಬಾಟಲಿ, ನಿಂಬೆ ಉಪ್ಪು ಅರ್ಧ ಕೆ.ಜಿ., ಪಾತ್ರೆ ತೊಳೆಯುವ ಸೋಪಿನ ನೀರು ಒಂದು ಬಾಟಲಿ, ಬಿಳಿ ಪಂಚೆಗೆ ಹಾಕುವ ಹೊಳಪಿನ ಪುಡಿ ಎರಡು ಚಮಚ. ಎಲ್ಲಕ್ಕಿಂತ ದುಬಾರಿ ಬಿದ್ದದ್ದು ಆ ಎರಡು ಚಮಚ.

ನನ್ನ ಅಂಗಡಿಯಲ್ಲಿ ಕೆಲಸ ಮಾಡುವ ಸಂಘಮಿತ್ರಳ ಕೆನ್ನೆಗೆ ಒಂದು ಏಟು. ಅದನ್ನು ಬರೆಯದಿದ್ದರೂ ನಡೆಯುತ್ತಿತ್ತು.

ಜನವರಿ 16

ಎಳ್ಳುಬೆಲ್ಲ ತರಬೇಕಿದ್ದ ಮಗಳು ಹಬ್ಬದ ಮಾರನೆಯ ದಿನ ಊದಿದ ಕಿವಿ ತಂದಳು. ದೇವನಹಳ್ಳಿಯಿಂದ ದೊಡ್ಡಬಳ್ಳಾಪುರಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅಷ್ಟೂ ಹೊತ್ತು ವೇಲನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದಳಂತೆ. ಮದುವೆಯಾಗಿ ನಾಲ್ಕು ವರ್ಷ, ಅವನು ಕೈಯೆತ್ತಲು ಕಲಿತು ಮೂರು.

ನಾನು ಮೂವತ್ತೊಂದು ವರ್ಷದಿಂದ ರೇಷ್ಮೆ ಸೀರೆಗಳ ಕಲೆ ತೆಗೆದು, ಗಂಜಿ ಹಾಕಿ, ಸುಕ್ಕು ಹೋಗುವಂತೆ ರೋಲಿಂಗ್ ಮಾಡಿಕೊಡುವವಳು. ಮಗ್ಗದ ಎಣ್ಣೆ, ಕುಂಕುಮ, ಮದುವೆ ಮನೆಯ ಸಾರು, ಯಾವುದು ಎಷ್ಟು ದಿನದ್ದೆಂದು ಬಟ್ಟೆ ಮುಟ್ಟಿ ಹೇಳುತ್ತೇನೆ. ಏಟಿನ ಕಲೆಗೂ ಅದೇ ಲೆಕ್ಕ. ನೇರಳೆ ಇದ್ದರೆ ನಿನ್ನೆ ಮೊನ್ನೆಯದು, ಹಸಿರಾದರೆ ವಾರದ್ದು, ಹಳದಿ ಎಂದರೆ ಹತ್ತು ದಿನ ದಾಟಿದೆ. ಸಿಂಧುವಿನ ತೋಳಿನ ಮೇಲೆ ಮೂರೂ ಬಣ್ಣ ಇದ್ದವು.

ಸಂಜೆ ಅಳಿಯಂದಿರೇ ಬಂದರು. ಮೊದಲು ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಿದ್ದರು, ಈಗ ಹಳೆಯ ನಾಣ್ಯ, ಹಳೆಯ ಅಂಚೆಚೀಟಿ ಕೊಂಡು ಮೊಬೈಲಿನಲ್ಲೇ ಮಾರುತ್ತಾರೆ. ಕಾಫಿ ಕೊಟ್ಟು ಕೂರಿಸಿ, ಬೈಯದೆ, ಅಳದೆ, ಅರ್ಧ ಗಂಟೆ ಮಾತಾಡಿದೆ. ಗಂಡ ಸತ್ತಾಗ ಒಂದು ಬಕೆಟ್ಟು, ಒಂದು ಬ್ರಷ್ಷಿನಿಂದ ಅಂಗಡಿ ಕಟ್ಟಿದ್ದು ಈ ಬಾಯಿಂದಲೇ. ರೌಡಿಗಳನ್ನು ಮಾತಲ್ಲೇ ವಾಪಸ್ಸು ಕಳಿಸಿದ್ದೇನೆ, ಒಂದು ದಿನವೂ ಕೈ ಮಾಡಿದವಳಲ್ಲ. ಅಳಿಯಂದಿರು ತಲೆ ತಗ್ಗಿಸಿ ಕೇಳಿದರು.

"ಕೈ ಬೀಸ್ದಾಗ ಅಡ್ಡ ಬಂದ್ಬಿಟ್ಲು ಅತ್ತೆ," ಎಂದರು.

ಮಾತು ಮುಗಿಯುವ ಹೊತ್ತಿಗೆ ಅವರ ಕಣ್ಣು ನನ್ನ ಕೈ ಮೇಲಿತ್ತು. ಒಂದು ಸೆರಗಿನ ಮೇಲೆ ಬಿದ್ದಿದ್ದ ಪೆನ್ನಿನ ಶಾಯಿಯನ್ನು ಹತ್ತಿಯಲ್ಲಿ ಒತ್ತಿ ಒತ್ತಿ ಎತ್ತುತ್ತಿದ್ದೆ. ಕಾಗದದ ಮೇಲಿನ ಶಾಯಿಯೂ ಹೀಗೇ ಬರುತ್ತದೆಯೇ ಎಂದು ಕೇಳಿದರು. ಬಾರದೆ ಏನು ಎಂದೆ.

ಸಿಂಧುವನ್ನು ಅವರ ಜೊತೆಯಲ್ಲೇ ಕಳಿಸಿದೆ. ಹೊಂದಿಕೊಂಡು ಹೋಗು ಎಂದು ಹೇಳಿದ್ದು ಇದು ಆರನೆಯ ಸಲ.

ಜನವರಿ 21

ಅಳಿಯಂದಿರು ತಂದಿಟ್ಟ ಬಿಸ್ಕತ್ತಿನ ಡಬ್ಬಿಯ ತುಂಬ ಅಂಚೆಚೀಟಿ. ಹಳೆಯ ಲಕೋಟೆಗಳಿಂದ ಕತ್ತರಿಸಿದವು. ರಾಣಿಯ ತಲೆ, ರಾಜನ ತಲೆ, ವಿಮಾನ, ಚರಕ. ಕೆಲವಕ್ಕೆ ಜಿಡ್ಡು, ಕೆಲವಕ್ಕೆ ತುಕ್ಕಿನಂಥ ಕಂದು ಚುಕ್ಕೆ, ಹಿಂದೆಲ್ಲ ಕಾಗದ ಅಂಟಿಕೊಂಡಿದೆ.

ಊಟದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ತೇಲಿಬಿಟ್ಟೆ. ಕಾಲು ಗಂಟೆಗೆ ಕಾಗದ ತಾನೇ ಕಳಚಿಕೊಂಡಿತು. ಜಿಡ್ಡಿಗೆ ಎರಡು ತೊಟ್ಟು ಸೋಪಿನ ನೀರು, ಕಂದು ಚುಕ್ಕೆಗೆ ನೀರು ಬೆರೆಸಿದ ಪೆರಾಕ್ಸೈಡು. ಆಮೇಲೆ ಹಳೆಯ ಸೀರೆಯ ತುಂಡಿನ ನಡುವೆ ಇಟ್ಟು ಮೇಲೊಂದು ಕಲ್ಲು. ಬೆಳಿಗ್ಗೆ ನೋಡಿದರೆ ಎಪ್ಪತ್ತು ಎಂಬತ್ತು ವರ್ಷದ ಮುದುಕರೆಲ್ಲ ಮುಖ ತೊಳೆದು ಕೂತ ಹಾಗಿದ್ದರು. ನೂರಾ ಹತ್ತರಲ್ಲಿ ಹಾಳಾದದ್ದು ಎರಡು. ನನಗೇ ಹೆಮ್ಮೆಯಾಯಿತು.

ಅಳಿಯಂದಿರು ಒಂದೊಂದನ್ನೂ ಚಿಮುಟದಲ್ಲಿ ಎತ್ತಿ ನೋಡಿದರು. "ಅತ್ತೆ, ನಿಮ್ಮ ಕೈಗೆ ಚಿನ್ನದ ಬಳೆ ಹಾಕ್ಬೇಕು," ಎಂದರು.

ಮಗಳ ಕೈಗೆ ಏನೂ ಹಾಕದಿದ್ದರೆ ಸಾಕು ಎಂದುಕೊಂಡೆ.

ಜನವರಿ 30

ಹತ್ತು ದಿನದಿಂದ ಒಂದೂ ಏಟಿಲ್ಲವಂತೆ. ಸಿಂಧು ಫೋನಿನಲ್ಲಿ ಅವರೆಕಾಳಿನ ಸಾರಿನ ಬಗ್ಗೆ ಮಾತಾಡಿದಳು. ಬರಿಯ ಸಾರಿನ ಬಗ್ಗೆ, ಪೂರಾ ಹತ್ತು ನಿಮಿಷ.

ಫೆಬ್ರವರಿ 6

ಈ ಸಲ ಕೊಳೆ ತೆಗೆಯುವುದಲ್ಲ, ಮೊಹರು ತೆಗೆಯುವುದು. ಕಾಗದ ಹಾಕಿದಾಗ ಅಂಚೆಯವರು ಒತ್ತಿದ ಕಪ್ಪು ಗುಂಡು ಮೊಹರು ಹೋಗಿಬಿಟ್ಟರೆ, ಚೀಟಿ ಯಾರೂ ಬಳಸದ ಹೊಸದರ ಹಾಗೆ ಕಾಣುತ್ತದೆ. ಹಿಂದೆ ತೆಳುವಾಗಿ ಗೋಂದು ಸವರಿದರೆ ಮುಗಿಯಿತು, ಹತ್ತಕ್ಕೆ ಹೋಗುವುದು ಸಾವಿರಕ್ಕೆ ಹೋಗುತ್ತದೆ. ಅದು ತಪ್ಪಲ್ಲವೇ ಎಂದು ಕೇಳಿದೆ. ಸೀರೆಯ ಕಲೆ ತೆಗೆದು ಹೊಸದೆಂದು ಮಾರುವ ಅಂಗಡಿಗಳಿಗೆ ನೀವು ಎಷ್ಟು ಸೀರೆ ಕೊಟ್ಟಿಲ್ಲ ಎಂದು ನಗುತ್ತಾ ಕೇಳಿದರು. ಲೆಕ್ಕ ಹಾಕಿದರೆ ನಾನೂರರ ಮೇಲೆ ಆಗುತ್ತದೆ. ತಟ್ಟೆಗೆ ನೀರು ಹಾಕಿದೆ.

ಒಂದೇ ಕಷ್ಟ. ಸೀರೆಯಾದರೆ ಮೊದಲು ಒಳಸೆರಗಿನ ಮೂಲೆಯಲ್ಲಿ ಒಂದು ಹನಿ ಬಿಟ್ಟು ಬಣ್ಣ ಬಿಡುತ್ತದೋ ಇಲ್ಲವೋ ನೋಡುತ್ತೇವೆ. ಇದು ಹೆಬ್ಬೆರಳಿನ ಉಗುರಿನಷ್ಟು ಕಾಗದ, ಇದಕ್ಕೆ ಒಳಸೆರಗು ಎಲ್ಲಿಂದ ತರುವುದು?

ಫೆಬ್ರವರಿ 11

ನೇರಳೆ ಬಣ್ಣದ ಚೀಟಿ. ಅಳಿಯಂದಿರು ಹೊಸಕೋಟೆಯಲ್ಲಿ ಯಾರಿಂದಲೋ ಸಾಲ ಮಾಡಿ ತಂದದ್ದು. ಪೆರಾಕ್ಸೈಡಿಗೆ ಮೊಹರು ಹೋಗಲಿಲ್ಲ, ನಿಂಬೆ ಉಪ್ಪು ಹಾಕಿದೆ. ಮೊಹರು ಹಾಗೇ ಉಳಿಯಿತು, ರಾಜ ಹೋದ. ತಟ್ಟೆಯ ನೀರು ನೇರಳೆಯಾಯಿತು, ನಡುವೆ ಬಿಳಿ ಕಾಗದದ ಮೇಲೆ ಗುಂಡು ಮೊಹರೊಂದೇ ತೇಲುತ್ತಿತ್ತು.

ನನ್ನ ಎದುರು ಅವರು ಹೋಗಲಿ ಬಿಡಿ ಅತ್ತೆ ಎಂದು ಹೆಲ್ಮೆಟ್ಟು ಹಾಕಿಕೊಂಡು ಹೊರಟರು.

ಫೆಬ್ರವರಿ 12

ಬೆಲ್ಟಿನಿಂದ. ಬಕಲ್ಲಿನ ಕಡೆಯಿಂದ. ಬೆನ್ನಿಗೆ ಹನ್ನೆರಡು. ಎಣಿಸಲು ಹೇಳಿ ಹೊಡೆದನಂತೆ.

ಒಂದು ಚೀಟಿಗೆ ಹನ್ನೆರಡು.

ಫೆಬ್ರವರಿ 25

ಈಗ ರಾತ್ರಿ ಕೆಲಸ ಬಿಟ್ಟಿದ್ದೇನೆ, ಬೆಳಕು ಸಾಲದು. ಬೆಳಿಗ್ಗೆ ಆರಕ್ಕೆ ಅಂಗಡಿ ತೆರೆದು ಒಂಬತ್ತರವರೆಗೆ ಚೀಟಿ, ಆಮೇಲೆ ಸೀರೆ. ಒಂದೊಂದು ಚೀಟಿ ನೀರಿಗಿಳಿಸುವಾಗಲೂ ಮೊಣಕೈಯನ್ನು ಮೇಜಿಗೆ ಕಚ್ಚಿಸಿ ಹಿಡಿಯುತ್ತೇನೆ. ವಾರದಲ್ಲಿ ನಲವತ್ತಾರು ಮಾಡಿದೆ, ಹಾಳಾದದ್ದು ಒಂದೂ ಇಲ್ಲ. ಸಿಂಧುವಿನ ಬೆನ್ನು ಹಳದಿಗೆ ತಿರುಗಿದೆ.

ಇವತ್ತು ರೋಲಿಂಗ್ ಮೆಷಿನ್ ನೋಡಿಕೊಳ್ಳುವ ಸಂಘಮಿತ್ರ, ಒಂಬತ್ತು ವರ್ಷದಿಂದ ಇರುವವಳು, ತಿಂಡಿ ಇಡಲೆಂದು ತಟ್ಟೆ ಸರಿಸಿದಳು. ಎರಡು ಚೀಟಿ ಅಂಚು ಮಡಿಸಿಕೊಂಡವು. ಕೈ ಹೋಗಿ ಅವಳ ಕೆನ್ನೆಗೆ ಬಿತ್ತು. ಜೋರಾಗೇನಲ್ಲ.

ಅವಳು ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. "ಅಕ್ಕ, ಕೈ ಕೆಳಗಿಡಿ. ನಾನು ನಿಮ್ಮಳಿಯನ ಹೆಂಡ್ತಿ ಅಲ್ಲ," ಎಂದಳು.

ಅವಳಿಗೆ ಮಾತು ಜಾಸ್ತಿ. ಸಂಜೆ ಹೊಸ ಸೀರೆಯೊಂದನ್ನು ಕೊಟ್ಟೆ. ತೆಗೆದುಕೊಳ್ಳದೆ ಮೊಳೆಗೆ ತೂಗುಹಾಕಿ ಹೋದಳು.

ಮಾರ್ಚ್ 9

ಶಿವರಾತ್ರಿ ಜಾಗರಣೆಯಲ್ಲಿ ಹೊಳೆದದ್ದು. ಮೊಹರು ಹೋದರೂ ಚೀಟಿಯ ಅಂಚು ಹಳದಿಯಾಗಿಯೇ ಉಳಿಯುತ್ತದೆ, ಅದಕ್ಕೇ ಒಳ್ಳೆಯ ಗಿರಾಕಿ ಮೂಗು ಮುರಿಯುತ್ತಾನೆ ಎಂದು ಅಳಿಯ ಗೊಣಗುತ್ತಿದ್ದ. ಹಳದಿಯಾದ ಬಿಳಿ ಪಂಚೆಗೆ ನಾವು ಏನು ಮಾಡುತ್ತೇವೆ? ಕೊನೆಯ ನೀರಿಗೆ ಚಿಟಿಕೆ ಹೊಳಪಿನ ಪುಡಿ. ಮದುವೆ ಗಂಡಿನ ಪಂಚೆ ಮಲ್ಲಿಗೆಯಂತಾಗುವುದು ಅದರಿಂದಲೇ. ಚೀಟಿಗೂ ಹಾಕಿದೆ. ಅಂಚು ಹಾಲಿನಷ್ಟು ಬಿಳಿ. ನಾಲ್ಕು ಚೀಟಿ ಮಾಡಿ ಬಿಸಿಲಲ್ಲಿ ನೋಡಿದೆ, ನೆರಳಲ್ಲಿ ನೋಡಿದೆ, ಟ್ಯೂಬ್‌ಲೈಟಿನಲ್ಲಿ ನೋಡಿದೆ. ಯಾರಪ್ಪನಿಗೂ ಗೊತ್ತಾಗುವುದಿಲ್ಲ.

ಅಂಗಡಿಯ ಮುಂದೆ ದಿನಾ ಮಲಗುವ ನಾಯಿ ಒಣಗಲು ಇಟ್ಟಿದ್ದ ಬಟ್ಟೆಯನ್ನು ಮೂಸಿತು. ಜಾಡಿಸಿ ಒದ್ದೆ. ಕುಯ್ಯೋ ಎಂದು ಕುಂಟುತ್ತಾ ರಸ್ತೆ ದಾಟಿತು. ಮತ್ತೆ ಬರಲಿಲ್ಲ, ಒಂದು ಕಾಟ ಕಳೆಯಿತು.

ಮಾರ್ಚ್ 31

ಏಟಿಲ್ಲದೆ ನಲವತ್ತೆಂಟು ದಿನ. ಮೂರು ವರ್ಷದಲ್ಲಿ ಇಷ್ಟು ಉದ್ದದ ಬಿಡುವು ಇದೇ ಮೊದಲು. ಸಿಂಧು ಬಂದು ಎರಡು ದಿನ ಇದ್ದು ಹೋದಳು. ಸ್ನಾನ ಮಾಡಿ ಬಂದಾಗ ಬೆನ್ನು ನೋಡಿದೆ, ಹಳದಿಯೂ ಹೋಗಿ ಚರ್ಮದ ಬಣ್ಣ ಬಂದಿದೆ. ಬಕಲ್ಲು ತಾಗಿದ ಎರಡು ಕಡೆ ಮಾತ್ರ ಹೋಗುವಂಥದ್ದಲ್ಲ.

ಮುಂದಿನ ತಿಂಗಳು ಬೆಂಗಳೂರಿನಲ್ಲಿ ಅಂಚೆಚೀಟಿ ಸಂಗ್ರಹಿಸುವವರು ಸೇರುತ್ತಾರಂತೆ. ದೊಡ್ಡ ಗಿರಾಕಿಯೊಬ್ಬರು ಮೂವತ್ತನ್ನು ಒಟ್ಟಿಗೆ ಕೇಳಿದ್ದಾರೆ. ಮೂವತ್ತಕ್ಕೂ ಪುಡಿ ಹಾಕಿದ್ದೇನೆ.

ಏಪ್ರಿಲ್ 15

ಬೆಳಿಗ್ಗೆ ಏಳಕ್ಕೆ ಅಂಗಡಿಯ ಮೆಟ್ಟಿಲ ಮೇಲೆ ಸಿಂಧು ಕೂತಿದ್ದಳು. ಎಡಗೈಯನ್ನು ದಿಂಬಿನ ಕವರಿನಲ್ಲಿ ಸುತ್ತಿ, ಇನ್ನೊಂದು ಕೈಯಲ್ಲಿ ಮಗುವನ್ನು ಹಿಡಿಯುವ ಹಾಗೆ ಹಿಡಿದಿದ್ದಳು. ಬಿಚ್ಚಿದರೆ ಮಣಿಕಟ್ಟಿನ ಮೇಲೆ ಇನ್ನೊಂದು ಮಣಿಕಟ್ಟು ಎದ್ದಿತ್ತು.

ನಡೆದದ್ದನ್ನು ಬಿಟ್ಟು ಬಿಟ್ಟು ಹೇಳಿದಳು. ನಿನ್ನೆ ಆ ಗಿರಾಕಿ, ವಯಸ್ಸಾದ ಕನ್ನಡಕದವರು, ಚೀಟಿಗಳನ್ನು ನೋಡಿ ಮೆಚ್ಚಿದರಂತೆ. ಆಮೇಲೆ ಕೋಣೆಯ ದೀಪ ಆರಿಸಿ ಒಂದು ಸಣ್ಣ ನೇರಳೆ ಟಾರ್ಚು ಹಾಕಿದರಂತೆ. ಹಳೆಯ ಕಾಗದ ಆ ಬೆಳಕಿನಲ್ಲಿ ಮಂಕಾಗಿ ಇರಬೇಕಂತೆ. ನನ್ನ ಮೂವತ್ತೂ ಮದುವೆ ಛತ್ರದ ಹಾಗೆ ಝಗ್ಗೆಂದು ನೀಲಿಯಾಗಿ ಹೊಳೆದವಂತೆ. ಪಂಚೆಯ ಪುಡಿಗೆ ಆ ಗುಣ ಇದೆಯೆಂದು ನನಗೆ ಹೇಗೆ ಗೊತ್ತಾಗಬೇಕು? ಪಂಚೆಯನ್ನು ಕತ್ತಲಲ್ಲಿ ಯಾರು ಟಾರ್ಚು ಹಾಕಿ ನೋಡುತ್ತಾರೆ?

ನವೀನ ಜೋರು ಮಾಡಿದ. ಮುದುಕರ ಜೊತೆ ಬಂದಿದ್ದ ಇಬ್ಬರು ಅವನನ್ನು ಕೆಳಗೆ ಪಾರ್ಕಿಂಗಿಗೆ ಕರೆದುಕೊಂಡು ಹೋಗಿ ಗೋಡೆಗೆ ಒರಗಿಸಿ ಹೊಡೆದರು. ಮುಂದಿನ ಹಲ್ಲು ಅಲ್ಲೇ ಬಿತ್ತು. ಆ ರಕ್ತದ ಬಾಯಿಯಲ್ಲೇ ಮನೆಗೆ ಬಂದು, ಹೆಂಡತಿಯ ಕೈಯನ್ನು ಬಾಗಿಲ ಸಂದಿಗೆ ಇಟ್ಟು ಬಾಗಿಲು ಎಳೆದ.

"ನಿಮ್ಮಮ್ಮ ಪಂಚೆ ಒಗ್ದಂಗೆ ಒಗ್ದವ್ಳೆ ಅಂದ್ರು," ಎಂದಳು ಸಿಂಧು. "ಎರಡು ಸಲ ಎಳುದ್ರು. ಮೊದಲ್ನೇ ಸಲ ಮುರೀಲಿಲ್ಲ."

ಆಸ್ಪತ್ರೆಯಲ್ಲಿ ಹೇಗಾಯಿತು ಎಂದು ಡಾಕ್ಟರಮ್ಮ ಕೇಳಿದರು. ಬಚ್ಚಲಲ್ಲಿ ಜಾರಿ ಬಿದ್ದಳು ಎಂದೆ. ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು, ಬರೆದುಕೊಂಡರು. ಆರು ವಾರ ಕಟ್ಟು.

ಏಪ್ರಿಲ್ 28

ಬೀಗರು ಹನುಮಂತರಾಯಪ್ಪನವರು ಬಂದಿದ್ದರು. ತೂಬಗೆರೆ ಕಡೆ ನಾಲ್ಕು ಊರಿನ ಜಗಳ ತೀರಿಸುವ ದೊಡ್ಡ ಮನುಷ್ಯರು. ಹಣ್ಣಿನ ಚೀಲ ಇಟ್ಟು, ಶಲ್ಯ ಸರಿಮಾಡಿಕೊಂಡು ಕೂತರು. ಮಗ ಮಾಡಿದ್ದು ಸರಿ ಎಂದು ಅವರು ಹೇಳಲಿಲ್ಲ. ಸಿಟ್ಟಿನ ಮನುಷ್ಯ, ಬಾಯಿಗೆ ಏಟು ಬಿದ್ದಿತ್ತು, ಮರ್ಯಾದೆ ಹೋಗಿತ್ತು ಎಂದೆಲ್ಲ ಹೇಳುತ್ತಾ ಬಂದು ಕೊನೆಗೆ ನನ್ನ ಕಡೆ ತಿರುಗಿದರು.

"ಪುಡಿ ಹಾಕಿದ್ದು ಯಾರು ಬೀಗ್ತಿ, ಅದನ್ನ ಹೇಳಿ. ನೀವು ಹಾಕ್ದೆ ಇದ್ದಿದ್ರೆ ಇದೆಲ್ಲ ಆಗ್ತಿತ್ತಾ?"

ಲೆಕ್ಕ ಸರಿಯಾಗಿಯೇ ಇತ್ತು. ಪುಡಿ ನನ್ನದು, ಕೈ ಮಗಳದು.

ಮುಂದಿನ ಭಾನುವಾರ ನವೀನ ಬಂದು ಕರೆದುಕೊಂಡು ಹೋಗಲಿ, ಇನ್ನು ಮುಂದೆ ಕೈ ಮಾಡದ ಹಾಗೆ ನೋಡಿಕೊಳ್ಳುವುದು ತಮ್ಮ ಜವಾಬ್ದಾರಿ ಎಂದರು. ಆಗಲಿ ಎಂದೆ. ಅವರು ಹೋದ ಮೇಲೆ ನೋಡಿದರೆ ಒಳಗಿನ ಕೋಣೆಯಲ್ಲಿ ಸಿಂಧು ಗೋಡೆಗೆ ಮುಖ ಮಾಡಿ ಕೂತಿದ್ದಳು. ಹಲ್ಲಿನಿಂದ ಕಟ್ಟಿನ ಬಟ್ಟೆಯ ಎಳೆ ಎಳೆದು ಎಳೆದು ನೆಲದ ಮೇಲೆ ಗುಡ್ಡೆ ಹಾಕಿದ್ದಳು.

ಅವಳಿಗೆ ಬೈದೆ. ಹಣ್ಣಿನ ಚೀಲವನ್ನು ಎತ್ತಿ ಗೋಡೆಗೆ ಬಡಿದೆ. ದಾಳಿಂಬೆ ಒಡೆದು ಸುಣ್ಣದ ಮೇಲೆಲ್ಲ ಕೆಂಪಾಯಿತು. ಸುಣ್ಣದ ಮೇಲಿನ ದಾಳಿಂಬೆ ಕಲೆ ಯಾವುದಕ್ಕೂ ಹೋಗುವುದಿಲ್ಲ.

ಮೇ 5, ಭಾನುವಾರ

ಬರೆಯಲು ಕೈ ಬರುತ್ತಿಲ್ಲ, ಬಲ ಹೆಗಲು ಹಿಡಿದುಕೊಂಡಿದೆ. ಆದರೂ ಇವತ್ತಿನದು ಇವತ್ತೇ ಬರೆಯಬೇಕು.

ತುರ್ತಿನ ಸೀರೆಗಳಿದ್ದವೆಂದು ಸಂಘಮಿತ್ರಳನ್ನು ಕರೆಸಿದ್ದೆ. ಶಟರ್ ಅರ್ಧ ಇಳಿಸಿತ್ತು. ಹನ್ನೊಂದಕ್ಕೆ ನವೀನ ಬಗ್ಗಿ ಒಳಗೆ ಬಂದ. ಹಲ್ಲಿನ ಜಾಗದಲ್ಲಿ ಹೊಸದು ಕಟ್ಟಿಸಿದ್ದ, ಬಿಳುಪು ಮಿಕ್ಕವಕ್ಕೆ ಹೊಂದುತ್ತಿರಲಿಲ್ಲ. ಮಗಳ ಮುಖ ನೋಡುವ ಮೊದಲು ಒಂದು ಪೊಟ್ಟಣ ತೆಗೆದು ನನ್ನ ಮುಂದಿಟ್ಟ. ಇನ್ನೂ ನಲವತ್ತು ಚೀಟಿ.

"ಈ ಸಲ ಪುಡಿ ಮುಟ್ಟಂಗಿಲ್ಲ ಅತ್ತೆ," ಎಂದ. ಆಮೇಲೆ ಅವಳಿಗೆ, "ನಡಿ."

ಸಿಂಧು ಮೆಷಿನ್ನಿನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದಳು. ಏಳಲಿಲ್ಲ. ನಾನೇ ಹೇಳಿದೆ, ಬೀಗರಿಗೆ ಮಾತು ಕೊಟ್ಟಿದ್ದೇನೆ, ಹೋಗವ್ವ ಎಂದು. ಅವಳು ನನ್ನನ್ನು ನೋಡಿದಳು. ಎದುರಿಗೆ ನಿಂತ ಅವನನ್ನಲ್ಲ, ನನ್ನನ್ನು.

"ಅಲ್ಲಿಗೆ ಹೋದ್ರೆ ನಾನು ಸಾಯ್ತೀನಿ ಅಮ್ಮ. ನಿಂಗೊತ್ತು ಅದು."

ನವೀನ ಒಂದು ಹೆಜ್ಜೆ ಮುಂದೆ ಹೋಗಿ ಹಿಡಿದದ್ದು ಕಟ್ಟು ಹಾಕಿದ ಕೈಯನ್ನೇ. ಇನ್ನೊಂದು ಕೈ ಹತ್ತಿರದಲ್ಲೇ ಇತ್ತು, ಆದರೂ ಅದನ್ನೇ ಹಿಡಿದ. ಎಳೆದ. ಅವಳ ಬಾಯಿಂದ ಬಂದದ್ದು ಕೂಗಲ್ಲ, ಗಾಳಿ ಹೋದ ಹಾಗೆ ಒಂದು ಸದ್ದು.

ರೋಲಿಂಗಿಗೆ ಸೀರೆ ಸುತ್ತುವ ಕಬ್ಬಿಣದ ಪೈಪು ಎರಡು ಗೇಣು ದೂರದಲ್ಲಿ ಗೋಡೆಗೆ ಒರಗಿತ್ತು. ಮೊದಲ ಏಟು ಅವನ ಬಲ ಮೊಣಕೈಗೆ. ಮೂಳೆ ಮುರಿದರೆ ಕಡ್ಡಿ ಮುರಿದ ಹಾಗೆ ಕೇಳುತ್ತದೆ ಎಂದುಕೊಂಡಿದ್ದೆ. ಹಾಗಲ್ಲ, ಒದ್ದೆ ಬಟ್ಟೆಯೊಳಗೆ ಬಳೆ ಒಡೆದ ಹಾಗೆ. ಅವನು ಅತ್ತೆ ಎಂದ. ಎರಡನೆಯದು ಹೆಗಲಿಗೆ, ಮೂರನೆಯದು ತಲೆಗೆ ಬೀಸಿದ್ದು ಕಿವಿಯ ಮೇಲೆ ಬಿತ್ತು, ರಕ್ತ ಸೀರೆಯ ಗಂಟಿನ ಮೇಲೆ ಚಿಮ್ಮಿತು. ತಣ್ಣೀರಲ್ಲಿ ತಕ್ಷಣ ಅದ್ದದಿದ್ದರೆ ರಕ್ತ ರೇಷ್ಮೆ ಬಿಡುವುದಿಲ್ಲ ಎಂಬುದು ಆಗಲೂ ತಲೆಗೆ ಬಂತು. ಅವನು ಬಿದ್ದ. ಬಿದ್ದವನ ಪಕ್ಕೆಗೆ, ತೊಡೆಗೆ. ಕೈ ಅಡ್ಡ ಇಟ್ಟ, ಆ ಕೈಗೂ. ಸಿಂಧು ಒಂಟಿ ಕೈಯಲ್ಲಿ ನನ್ನ ಸೊಂಟ ಹಿಡಿದು, "ಸಾಕಮ್ಮ, ಸಾಕು, ಬಿಡಮ್ಮ," ಎಂದು ಕೂಗುತ್ತಿದ್ದಳು. ಸಾಕೋ ಸಾಲದೋ ಅವಳಿಗೆ ಏನು ಗೊತ್ತು. ಜಾಡಿಸಿದೆ, ಸರಿದು ಮೆಷಿನ್ನಿಗೆ ಬಿದ್ದಳು. ಕೊನೆಗೆ ಸಂಘಮಿತ್ರ ಹಿಂದಿನಿಂದ ಬಂದು ಪೈಪು ಕಿತ್ತುಕೊಂಡಳು.

ನನ್ನ ಎಣಿಕೆಯಲ್ಲಿ ಏಳು ಏಟು. ಸಂಘಮಿತ್ರ ಹನ್ನೊಂದು ಎನ್ನುತ್ತಾಳೆ. ಇರಲಾರದು. ನನ್ನ ಎಣಿಕೆ ತಪ್ಪುವುದಿಲ್ಲ.

ಮೇ 6

ಬಲಗೈ ಮೊಣಕೈಯಲ್ಲಿ ಒಂದು, ಪಕ್ಕೆಲುಬು ಒಂದು, ಕಿವಿಗೆ ಒಂಬತ್ತು ಹೊಲಿಗೆ. ಪೊಲೀಸಿನವರು ಆಸ್ಪತ್ರೆಗೆ ಹೋಗಿ ಕೇಳಿದರಂತೆ. ಐವತ್ತೆಂಟು ವರ್ಷದ ಅತ್ತೆ ಹೊಡೆದಳು ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದೆ ಎಂದನಂತೆ.

ರಾತ್ರಿ ಒಳ್ಳೆಯ ನಿದ್ದೆ ಬಂತು. ನಾಲ್ಕು ತಿಂಗಳಲ್ಲಿ ಇಂಥ ನಿದ್ದೆ ಮಾಡಿರಲಿಲ್ಲ.

ನಲವತ್ತು ಚೀಟಿಗಳನ್ನು ಬ್ಲೀಚಿನ ಬಕೆಟ್ಟಿಗೆ ಹಾಕಿದೆ. ಮಧ್ಯಾಹ್ನಕ್ಕೆ ನಲವತ್ತೂ ಖಾಲಿ ಕಾಗದ.

ಮೇ 12

ಮಗಳ ಒಡವೆ, ಬಟ್ಟೆ, ಮಾರ್ಕ್ಸ್‌ಕಾರ್ಡು ತರಲು ದೇವನಹಳ್ಳಿಗೆ ಹೋದೆ. ಪೈಪನ್ನು ಒಂದು ಹಳೆಯ ಸೀರೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಬಸ್ಸಿನಲ್ಲಿ ಪಕ್ಕದವಳು ರೇಷ್ಮೆಯಾ ಎಂದು ಕೇಳಿದಳು. ಹೌದು ಎಂದೆ.

ಮನೆಯಲ್ಲಿ, ಮಗನಿಗಾಗಿ ತೂಬಗೆರೆಯಿಂದ ಬಂದಿದ್ದ ಹನುಮಂತರಾಯಪ್ಪನವರು ಒಬ್ಬರೇ ಇದ್ದರು. ಒಡವೆ ಕೇಳಿದೆ. ಕೂತು ಮಾತಾಡೋಣ ಎಂದರು. ಮಾತಾಡುವುದು ಏನೂ ಇಲ್ಲ ಎಂದು ಪೈಪು ಬಿಚ್ಚಿದೆ. ಷೋಕೇಸಿನ ಗಾಜು, ಟಿವಿ, ಅಂಚೆಚೀಟಿಯ ಆಲ್ಬಮ್ಮುಗಳನ್ನು ಇಟ್ಟಿದ್ದ ಬೀರುವಿನ ಕನ್ನಡಿ. ಆಲ್ಬಮ್ಮುಗಳನ್ನು ನಡುಮನೆಗೆ ತಂದು ಒಂದೊಂದೇ ಹರಿದೆ. ಬೀಗರು ಕೈ ಹಿಡಿಯಲು ಬಂದರು, ಹೆಂಗಸಾಗಿ ಇದೇನಿದು ಎಂದರು. ತಳ್ಳಿದೆ. ಹಣೆ ಬಾಗಿಲ ಚೌಕಟ್ಟಿಗೆ ತಾಗಿತು. ಹಿರಿಯರು, ಪಾಪ, ಅಡ್ಡ ಬಂದರು.

ಐದು ಹೊಲಿಗೆ ಬಿತ್ತಂತೆ. ಒಡವೆ ಪೂರ್ತಿ ಸಿಕ್ಕಿತು, ಒಂದು ಓಲೆ ಬಿಟ್ಟು.

ಸಿಂಧುವಿನ ಮುಂದೆ ಗಂಟು ಬಿಚ್ಚಿಟ್ಟೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ನನ್ನ ಸೆರಗಿನ ಅಂಚಿನಲ್ಲಿದ್ದ ರಕ್ತ ನೋಡಿ, ಇದು ಯಾರದು ಎಂದು ಕೇಳಿದಳು. ನಿಮ್ಮ ಮಾವನದು ಎಂದೆ. ತಂದ ಬಟ್ಟೆಯನ್ನು ಮುಟ್ಟದೆ ಒಳಗೆ ಹೋದಳು.

ಮೇ 20

ಈ ಕೇರಿಯಲ್ಲಿ ನನ್ನ ಬಗ್ಗೆ ಮಾತು ಹರಡಿದೆ. ಎರಡು ವರ್ಷದಿಂದ ಸತಾಯಿಸುತ್ತಿದ್ದ ಜವಳಿ ಅಂಗಡಿಯವನು ನಾನು ಮೆಟ್ಟಿಲು ಹತ್ತಿದ ಕೂಡಲೇ ಬಾಕಿ ಎಣಿಸಿ ಇಟ್ಟ. ಪೈಪು ಕೈಯಲ್ಲಿ ಇರಲೂ ಇಲ್ಲ.

ಬೆಳಿಗ್ಗೆ ಸಿಂಧುವಿನ ಕೂದಲು ಬಾಚಲು ಕೂರಿಸಿಕೊಂಡೆ, ಒಂಟಿ ಕೈಯಲ್ಲಿ ಜಡೆ ಬರುವುದಿಲ್ಲ. ಬಾಚಣಿಗೆ ತೆಗೆಯಲು ಕೈಯೆತ್ತಿದೆ, ಅಷ್ಟೇ. ಅವಳು ಕಣ್ಣು ಮುಚ್ಚಿ ಕಟ್ಟಿನ ಕೈಯನ್ನು ತಲೆಯ ಮೇಲೆ ಅಡ್ಡ ಹಿಡಿದಳು. ನಾನು ಅಲ್ವೇನೇ, ನಿಮ್ಮಮ್ಮ ಎಂದೆ. ಕಣ್ಣು ಬಿಟ್ಟಳು, ಕೈ ಇಳಿಸಲಿಲ್ಲ.

ಅವನು ಕಲಿಸಿದ ಅಭ್ಯಾಸ. ಹೋಗುತ್ತದೆ.

ಮೇ 26

ಸಿಂಧು ಬೆಳಿಗ್ಗೆ ಹೊರಟಳು. ಸಂಘಮಿತ್ರಳ ಚಿಕ್ಕಮ್ಮ ನೆಲಮಂಗಲದಲ್ಲಿ ಇದ್ದಾರೆ, ಅವರ ಮನೆಯ ಮಹಡಿಯ ಮೇಲೆ ಕೋಣೆ ಖಾಲಿ ಇದೆಯಂತೆ, ಅಲ್ಲೇ ಒಂದು ಗಾರ್ಮೆಂಟ್ಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಇದನ್ನೆಲ್ಲ ಇಬ್ಬರೂ ಯಾವಾಗ ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ.

ಇಲ್ಲಿ ಏನು ಕಡಿಮೆಯಾಗಿದೆ ಎಂದು ಕೇಳಿದೆ. ಇನ್ನು ಅವನು ಈ ಬೀದಿಗೆ ಕಾಲಿಡುವುದಿಲ್ಲ, ನಾನು ಇದ್ದೇನೆ ಎಂದೆ. ಬ್ಯಾಗಿನ ಜಿಪ್ಪು ಎಳೆಯುತ್ತಿದ್ದವಳು ನಿಂತಳು.

"ಅಲ್ಲಿ ಬೈಕಿನ ಸದ್ದು ಕೇಳುದ್ರೆ ಎದೆ ಹೊಡ್ಕೊಳ್ತಿತ್ತು," ಎಂದಳು. "ಇಲ್ಲಿ ನಿನ್ ಚಪ್ಪಲಿ ಸದ್ದಿಗೆ ಹಂಗೇ ಆಗುತ್ತಮ್ಮ."

ಎದೆಯ ಡಾಕ್ಟರಿಗೆ ತೋರಿಸಬೇಕು ಎಂದೆ. ಆಯಿತು ಎಂದಳು. ಬಸ್ಸಿಗೆ ಹತ್ತಿಸಲು ಸಂಘಮಿತ್ರ ಹೋದಳು. ನಾನು ಅಂಗಡಿಗೆ ಬಂದು ಮೊದಲ ಪುಟ ತುಂಬಿಸಿದೆ. ಖರ್ಚು ಅಲ್ಲಿದೆ. ಬಂದದ್ದು ಇಲ್ಲಿ.

ನವೀನ್‌ಕುಮಾರ್: ಮೊಣಕೈಯೊಳಗೆ ಒಂದು ಕಂಬಿ. ಮತ್ತೆ ಟ್ಯಾಕ್ಸಿ ಓಡಿಸುವ ಯೋಚನೆ.

ಹನುಮಂತರಾಯಪ್ಪನವರು: ಐದು ಹೊಲಿಗೆ. ಮಗ ಅವರ ಮನೆಗೆ ವಾಪಸ್ಸು.

ಬೆಂಗಳೂರಿನ ಕನ್ನಡಕದವರು: ಹೊಳೆಯುವ ಚೀಟಿ ಮೂವತ್ತು, ಹಿಂದಿರುಗಿಸಲಿಲ್ಲ. ಬೇರೆಯವರಿಗೆ ತೋರಿಸಿ ಎಚ್ಚರಿಸಲು ಇಟ್ಟುಕೊಂಡಿದ್ದಾರಂತೆ.

ಸಂಘಮಿತ್ರ: ತಿಂಗಳಿಗೆ ಎರಡು ಸಾವಿರ ಹೆಚ್ಚು, ಕೇಳದೆಯೇ ಕೊಟ್ಟೆ. ಈಗ ಅಕ್ಕ ಎನ್ನುವುದಿಲ್ಲ, ಮೇಡಂ ಎನ್ನುತ್ತಾಳೆ.

ನಾನು: ಹಳೆಯ ಬಾಕಿಯೆಲ್ಲ ವಸೂಲಿ. ಯಾರೂ ಚೌಕಾಸಿ ಮಾಡುವುದಿಲ್ಲ. ಬಾಯಿ ತೆರೆಯುವ ಅಗತ್ಯವೇ ಬೀಳುತ್ತಿಲ್ಲ.

ಸಿಂಧು: ನೆಲಮಂಗಲದಲ್ಲಿ ಮಹಡಿಯ ಮೇಲೆ ಒಂದು ಕೋಣೆ. ಬಾಗಿಲಿಗೆ ಒಳಚಿಲಕ. ಬೀಗದ ಕೈ ಒಂದೇ, ಅದು ಅವಳ ಹತ್ತಿರ.